ಎರಡನೇ ತುಣುಕು

ನಿಪ್ಪಾಣಿ
೨೮ ಸೆಪ್ಟೆಂಬರ್ ೨೦೨೪

ಅಕ್ಕಾ, ಜಯ ಜಿನೇಂದ್ರ.

ನಿನ್ನ ದೀಕ್ಷಾ ಫೆಬ್ರುವರಿ ಒಂಬತ್ತಕ್ಕ ಗಟ್ಟಿ ಆಗೈತಿ ಅಂತ ನಂಗ ಯಾರು ಹೇಳಿದ್ರು ಗೊತ್ತೇನ? ಹಾಲು ಹಾಕೂ ಕಾಳವ್ವ. ಅಕಿ ತಂಗಿ ಮಗಳನ್ನ ರಾಯಬಾಗಕ್ಕ ಕೊಟ್ಟೈತಿ, ಬಸದಿ ಮುಂದ ನಿನ್ನ ಫೋಟೋದ ಬ್ಯಾನರ್ ನೋಡಿ ಬಂದಾಳಂತ. "ನಿಮ್ಮಕ್ಕ ಇನ್ನ ಮನೀಗೆ ಬರಂಗಿಲ್ಲಂತಲ್ಲ ಬಾಯಿ?" ಅಂತ ಕೇಳಿದ್ಲು. ಒಡಹುಟ್ಟಿದಾಕಿ ನಾ, ನಂಗ ಗೊತ್ತಿಲ್ಲ. ಹೂಂ ಹೂಂ ಅಂತ ಗೋಣ ಹಾಕಿ ಹಾಲಿನ ಪಾತೇಲಿ ತಗೊಂಡು ಒಳಗ ಬಂದ್ನಿ.

ತ್ಯಾಗಿಗಳ ಸಂಘ ಸೇರಿದ ದಿವಸನ ಫೋನ್ ಬಿಟ್ಟಿ, ಅದಕ್ಕ ಈ ಪತ್ರ. ಎಂಟನೇತ್ತಾಕ್ಕ ಸಾಲಿ ಬಿಟ್ಟ ಮ್ಯಾಲೆ ನಾ ಇಷ್ಟುದ್ದ ಬರದದ್ದು ಇದ ಮೊದಲು.

ಅಕ್ಕಾ, ನಾ ಜಗಳಕ್ಕ ಬರಿಯಾಕತ್ತಿಲ್ಲ. ಎರಡ ಮಾತು ಕೇಳೂದೈತಿ. ಒಂದು, ದೀಕ್ಷಾಕ್ಕಿಂತ ಮೊದಲ ನಿನ್ನ ಉಡಿ ತುಂಬ್ತಾರಲ್ಲ, ಅದಕ್ಕ ಒಣಹಣ್ಣು ನಾ ತರ್ತೇನಿ. ದಸರಾ ಸೂಟಿಗೆ ನಾವು ಕಾಶ್ಮೀರಕ್ಕ ಹೊಂಟೇವಿ, ಇವರು ಕೊಲ್ಲಾಪುರದ ಟೂರಿನಾಗ ಹೆಸರು ಹಚ್ಯಾರ. ಅಲ್ಲಿ ಬದಾಮ, ಅಕ್ರೋಡ, ಕೇಶರ ಎಲ್ಲಾ ಗಿಡದ ಬುಡಕ್ಕ ಸಿಗತಾವಂತ. ಚಂದಂದು ಆರಿಸಿ ತರ್ತೇನಿ.

ಎರಡನೇದು ಇದಕ್ಕಿಂತ ದೊಡ್ಡದು. ದೀಕ್ಷಾ ಆದ ಮ್ಯಾಲೆ ನೀ ದಿನಕ್ಕ ಒಂದ ಹೊತ್ತು, ಯಾರದರ ಮನೀ ಬಾಗಲಾ ನಿಂತು, ಅಂಗೈಯೊಳಗ ಹಾಕಿದ್ದನ್ನ ಉಣ್ಣಾಕಿ. ಆ ಆಹಾರ ಒಂದ ಸಲ ನನ್ನ ಕೈಯಿಂದ ಆಗ್ಲಿ. ಒಂದ ಸಲ ಸಾಕು. ಗೋವಾದ್ದು ಆದ ಮ್ಯಾಲೆ ತವರಮನಿ ಕಬ್ಬೂರಾಗ ಕಾಕಾಸಾಹೇಬ ಕಾಕಾ ನನ್ನನ್ನ ಅಡಗಿಮನಿ ಹೊಸ್ತಿಲಾ ದಾಟಗೊಟ್ಟಿಲ್ಲ. ನಮ್ಮನ್ಯಾಗ ನೀರೂ ಕುಡಿಯಂಗಿಲ್ಲ. ಮುನಿಗಳು ಬಂದಾಗ ಎಲ್ಲಾ ಹೆಣ್ಮಕ್ಕಳು ಒದ್ದಿ ಸೀರಿ ಉಟ್ಟು ಮಡಿ ಅಡಗಿಯ ಚೌಕಾದಾಗ ಆಹಾರ ಮಾಡ್ತಿದ್ರ, ನಾ ಹೊರಗ ಚಪ್ಪಲಿ ಕಾಯ್ದಂಗ ಕುಂತಿರ್ತೇನಿ. ನೀ ನನ್ನ ಕೈಯಾಗಿಂದು ಉಂಡ್ರ ಯಾರ ಬಾಯಿಯೂ ಏಳಂಗಿಲ್ಲ.

ಗೋವಾದಾಗ ಆದದ್ದು ಗೊತ್ತಿಲ್ಲದ ಆದದ್ದ ಅಕ್ಕಾ. ಆ ಚೀಜಿನ ಪಾಕೀಟಿನ ಮ್ಯಾಲಿನ ಮಾಂಸಾಹಾರದ ಕೆಂಪು ಗುರುತು ನಾ ನೋಡಿರಲಿಲ್ಲ. ಎಷ್ಟು ಸಲ ಹೇಳ್ಲಿ.

ತೃಪ್ತಿ

*

ರಾಯಬಾಗ
೫ ಅಕ್ಟೋಬರ್ ೨೦೨೪

ತೃಪ್ತಿ,

ನಿನ್ನ ಪತ್ರ ಮುಟ್ಟಿತು. ಆರಾಮ ಅದೇನಿ. ತಿಥಿ ಗುರುಗಳು ಗಟ್ಟಿ ಮಾಡಿದ್ದು ಪರ್ವದ ಕಡೀ ದಿನ. ತಿಳಸೂದು ಕಾಕಾನ ಕೆಲಸಾಗಿತ್ತು, ಅವರು ತಿಳಿಸಿರಬೇಕು ಅಂದ್ಕೊಂಡಿದ್ನಿ.

ಸುಜಯ ಅವರಿಗೆ ಹೇಳು, ಥಂಡಿ ಬಾಳ ಇರ್ತೈತಿ, ಕಿವಿ ಕಟಗೊಂಡು ತಿರಗ್ರಿ. ಹೋಗಿ ಬರ್ರಿ, ಚಂದಾಗಿ ನೋಡಿ ಬರ್ರಿ. ಅಲ್ಲಿಂದ ನನ್ನ ಸಲುವಾಗಿ ಏನೂ ತರಬ್ಯಾಡ. ಈ ಚಾತುರ್ಮಾಸದಾಗ ಬದಾಮ, ಗೋಡಂಬಿ, ಪಿಸ್ತಾ ಆಜೀವ ಬಿಟ್ಟೇನಿ.

ಆಹಾರದ ಮಾತು ನನ್ನ ಕೈಯಾಗಿಲ್ಲ. ಇಂಥಾದ್ದು ಕಂಡ ಬಾಗಲದಾಗ ಅಷ್ಟ ಉಣ್ಣೂದು ಅಂತ ಮನಸ್ಸಿನ್ಯಾಗ ಒಂದು ವಿಧಿ ಇಟ್ಟುಕೊಂಡು ಹೊರಡೂದಿರತೈತಿ. ಅದು ಎಲ್ಲಿ ಕೂಡ್ತೈತೋ ಅಲ್ಲಿ.

ಗೋವಾದ್ದು ಬಿಟ್ಟುಬಿಡು. ನಾ ಎಂದರ ಎತ್ತೇನೇನು?

ಜಿನಮತಿ

*

ಶ್ರೀನಗರ
೧೫ ಅಕ್ಟೋಬರ್ ೨೦೨೪

ಅಕ್ಕಾ,

ಹೋಟೆಲ್ಲಿನ ಕಾಗದದಾಗ ಬರಿಯಾಕತ್ತೇನಿ, ಕಿಡಕ್ಯಾಗಿಂದ ಕೆರಿ ಕಾಣತೈತಿ. ಇವರು ಶಿಕಾರಾ ದೋಣಿ ನೋಡಾಕ ಹೋಗ್ಯಾರ. ನಾ ಬಾಜಾರ ತಿರಗಿ ಕಾಲು ಸೋತು ಬಂದೇನಿ.

"ನಾ ಎಂದರ ಎತ್ತೇನೇನು" ಅಂತ ಬರದಿ. ಎತ್ತಿಲ್ಲ, ಖರೆ. ನೀ ಕಾಕಾನ ಮುಂದ ಒಂದ ಸಲ ಎತ್ತಿದಿ, ಅಷ್ಟ ಸಾಕಾತು, ಉಳಿದದ್ದು ಊರು ಎತ್ತಾಕತ್ತೈತಿ. ಇರ್ಲಿ, ಸೂಟಿಗೆ ಬಂದು ಇದನ್ನ ಬರಿಯಬಾರದಾಗಿತ್ತು.

ಬದಾಮ ಬಿಟ್ಟಿ ಅಂದಿ, ಬದಾಮ ತಗೊಳ್ಳಲಿಲ್ಲ. ಅಕ್ರೋಡ ತಗೊಂಡೇನಿ. ಕಾಗದದಂಥ ಸಿಪ್ಪಿ ಅಕ್ಕಾ, ಎರಡು ಕೈಯಾಗ ಹಿಡದು ಹಿಚುಕಿದ್ರ ಒಡೀತೈತಿ, ಒಳಗಿನ ತಿರಳು ಬೆಣ್ಣಿ ಬಣ್ಣ. ಜರ್ದಾಳು ತಗೊಂಡೇನಿ, ಬೀಜ ಒಡದ್ರ ಒಳಗ ಬದಾಮದಂಗ ಇನ್ನೊಂದು ಬೀಜ. ನಮ್ಮ ಅಥಣಿ ಕಡೆ ದ್ರಾಕ್ಷಿ ಒಣಗಿಸಿ ಮಣೂಕ ಮಾಡೂ ಮಂದಿ ಇಲ್ಲಿಯ ಕರೀ ಮಣೂಕ ನೋಡಿದ್ರ ನಾಚ್ಕೋಬೇಕು. ಪ್ರತಿ ಅಂಗಡ್ಯಾಗ ರುಚಿ ನೋಡ್ರಿ ಅಂತ ಕೈಯಾಗ ಹಾಕ್ತಾರ. ನಾ ತಿನ್ನೂದಕ್ಕಿಂತ ಮೊದಲ ಡಬ್ಬಿ ತಿರವಿ ಹಿಂದ ಬರದದ್ದು ಓದ್ತೇನಿ. ಇವರು ನಗತಾರ, "ಪೊಲೀಸರಂಗ ತಪಾಸ ಮಾಡ್ತಿ" ಅಂತಾರ. ಎರಡ ವರ್ಷದಿಂದ ಬಿಸ್ಕೀಟಿನ ಪಾಕೀಟ ಸುದ್ದಾ ತಿರವದ ತಗೊಂಡಿಲ್ಲ ನಾ.

ಒಬ್ಬಾವ ಹಾರದಂಗ ಪೋಣಿಸಿ ಏನೋ ತೂಗ ಹಾಕಿದ್ದ, ಕಂದು ಬಣ್ಣ, ಜಾಳಿ ಜಾಳಿ. ಚಂದ ಐತೆಲ್ಲ ಅಂತ ಕೈಯಾಗ ತಗೊಂಡ್ನಿ. ಯೇ ಕ್ಯಾ ಹೈ ಭಯ್ಯಾ ಅಂದ್ರ, ಗುಚ್ಛಿ ಅಂದ. ಗುಚ್ಛಿ ಅಂದ್ರ ಅಣಬಿ! ಶಿವ ಶಿವಾ, ಅಲ್ಲೇ ನಳದಾಗ ಮೂರ ಸಲ ಕೈ ತೊಳಕೊಂಡ್ನಿ. ಮಗ್ಗಲಿನ ಅಂಗಡ್ಯಾವ ಜೇನುತುಪ್ಪದ ಚಮಚಾ ಹಿಡಕೊಂಡು ಬೆನ್ನ ಹತ್ತಿದ. ನೀ ಇದ್ದಿದ್ರ ಹೊಟ್ಟಿ ಹಿಡಕೊಂಡು ನಗತಿದ್ದಿ.

ನೀ ಇದ್ದಿದ್ರ ಅಂತ ಇವತ್ತು ಹತ್ತ ಸಲ ಅಂದೇನಿ. ನಿನ್ನಂಥ ನಾಲಗಿ ನಮ್ಮ ಕುಲದಾಗ ಯಾರಿಗಿಲ್ಲ. ತುಪ್ಪ ಮೂಸಿ, ಇದು ಎಮ್ಮೀದು, ಇದರಾಗ ಆಕಳದು ಕೂಡೈತಿ, ಅಂತ ಹೇಳ್ತಿದ್ದಿ. ಅಂಥಾಕಿ ಒಂದೊಂದ ರುಚಿ ಬಿಡಾಕತ್ತೀಯಲ್ಲ.

ಇನ್ನ ಕೇಶರ ಉಳದೈತಿ. ನಾಳೆ ನೋಡ್ತೇನಿ.

ತೃಪ್ತಿ

*

ಶ್ರೀನಗರ
೧೭ ಅಕ್ಟೋಬರ್ ೨೦೨೪

ಅಕ್ಕಾ,

ಮೊನ್ನಿಂದು ಪತ್ರ ಇನ್ನ ನಿನ್ನ ಕೈ ಮುಟ್ಟಿರಲಿಕ್ಕಿಲ್ಲ, ಅಷ್ಟರಾಗ ಇನ್ನೊಂದು. ಇದನ್ನ ಈಗ ಬರೀಲಿಲ್ಲಂದ್ರ ಮತ್ತ ಧೈರ್ಯ ಬರಂಗಿಲ್ಲ.

ಇವತ್ತು ಕೇಶರದ ಅಂಗಡಿಗೆ ಹೋಗಿದ್ನಿ. ಅಂಗಡ್ಯಾವ ವಯಸ್ಸಾದ ಮನಶ್ಯಾ, ಬಿಳೀ ಗಡ್ಡ. ಒಂದು ಡಬ್ಬಿ ತಗದು ಬಿಸಿ ನೀರಾಗ ಎರಡು ಎಳಿ ಹಾಕಿ ತೋರಿಸಿದ. ಬಣ್ಣ ಚಂದ ಬಂತು. ಕೊಡ್ರಿ ಅಂದ್ನಿ. ಯಾರಿಗೆ ಅಂತ ಕೇಳಿದ. ನಮ್ಮಕ್ಕ ಸಾಧ್ವಿ ಆಗಾಕತ್ತಾಳ, ಜೈನರು ನಾವು, ಅಕಿ ಉಡಿಗೆ ಅಂದ್ನಿ. ಮನಶ್ಯಾ ಕಟ್ಟಿದ ಪೊಟ್ಣ ತಿರಗಿ ಬಿಚ್ಚಿದ. "ಹಂಗಂದ್ರ ಇದನ್ನ ಒಯ್ಯಬ್ಯಾಡ್ರಿ ಬೆಹನ್ ಜೀ, ಇದು ಹೊರಗಿಂದ ಬಂದ ಮಾಲು, ತೂಕ ಬರ್ಲಿ ಅಂತ ಜೇನು ಹಚ್ಚಿರ್ತಾರ, ನಿಮ್ಮವರಿಗೆ ನಡಿಯಂಗಿಲ್ಲ" ಅಂದ. ಒಳಗ ಹೋಗಿ ತನ್ನ ಹೊಲದ್ದು ಬ್ಯಾರೆ ತಂದ. ಕಡ್ಡಿ ಕಡ್ಡಿ ಒಣಗಿದ್ದು, ಎಣ್ಣಿ ಇಲ್ಲ, ಹೊಳಪಿಲ್ಲ.

ಯಾವ ಊರಾವೋ, ಯಾವ ಜಾತ್ಯಾವೋ. ನಿನ್ನ ಮುಖ ನೋಡಿಲ್ಲ. ಆದ್ರ ನಿನ್ನ ನೇಮ ಕೆಡಬಾರದು ಅಂತ ತನ್ನ ವ್ಯಾಪಾರ ಬಿಟ್ಟ. ಅಂಗಡಿ ಮೆಟ್ಟಲದಾಗ ಕುಂತು ಅತ್ನಿ ಅಕ್ಕಾ. ಇವರಿಗೆ ಚಳಿಗೆ ಕಣ್ಣಾಗ ನೀರು ಬಂತು ಅಂದ್ನಿ.

ಗೋವಾದಾಗ ಆ ಕೆಂಪು ಗುರುತು ನಾ ನೋಡಿದ್ನಿ.

ಎರಡ ವರ್ಷ ನೋಡಿಲ್ಲ ಅಂತ ಆಣಿ ಮಾಡೇನಿ, ಸುಳ್ಳು ಆಣಿ. ಪಣಜಿಯ ಆ ಪರದೇಶದ ತಿನಿಸಿನ ಅಂಗಡ್ಯಾಗ ಹುಡುಗಿ ತಾಟಿನ್ಯಾಗ ಚೀಜು ಸಣ್ಣ ಸಣ್ಣಗ ಕೊಯ್ದು ಇಟ್ಟಿದ್ಲಲ್ಲ, ಮಗ್ಗಲದಾಗ ಅದರ ಪಾಕೀಟ ಇತ್ತು. ಎಳೆ ಕರುವಿನ ಹೊಟ್ಟಿಯೊಳಗಿನ ಹೆಪ್ಪು ಹಾಕಿ ಮಾಡಿದ್ದು ಅಂತ ನಾ ಆ ಹುಡುಗೀನ್ನ ಕೇಳಿ ತಿಳಕೊಂಡ ಮ್ಯಾಲೆ ನಿನಗ ಕೊಟ್ನಿ. "ಹಾಲಿಂದ ಐತಿ, ತಿನ್ನು" ಅಂದ್ನಿ.

ಯಾಕ ಅಂದ್ರ ಸಿಟ್ಟು. ಆ ನಾಕೂ ದಿವಸ ಹೊತ್ತು ಮುಳುಗೂದರಾಗ ನಿನ್ನ ಊಟ ಆಗಬೇಕು ಅಂತ ನಾವು ಸಮುದ್ರ ಬಿಟ್ಟು ಹೋಟೆಲ್ ಹುಡಕ್ಕೋತ ಓಡಿದ್ವಿ. ಒಂದ ಸಂಜಿ ನೋಡಲಿಲ್ಲ. ಇವರು ಕುಂತ್ರ ನಿಂತ್ರ "ನಿಮ್ಮಕ್ಕನ್ನ ನೋಡಿ ಕಲಿ" ಅಂತಿದ್ರು. ನಿನ್ನ ಒಂದ ಸಲ ನಮ್ಮಂಗ ಮಾಡಬೇಕು ಅನಿಸಿತು. ಗಾಡ್ಯಾಗ ಹತ್ತಿದ ಮ್ಯಾಲೆ ನಕ್ಕೋತ ಹೇಳಿದ್ನಿ. ನೀ ಬಾಯಾಗ ಬೆರಳ ಹಾಕಿ ವಾಂತಿ ಮಾಡ್ಕೊಂಡಿ. ನಗು ಅಲ್ಲೇ ನಿಂತಿತು.

ಇಷ್ಟ. ಬೈ, ಬಡಿ. ಆದ್ರ ಇದನ್ನ ಓದಿ ಒಂದ ಮಾತು ಬರಿ.

ತೃಪ್ತಿ

*

ರಾಯಬಾಗ
೪ ನವೆಂಬರ್ ೨೦೨೪

ತೃಪ್ತಿ,

ಎರಡೂ ಪತ್ರ ಒಂದ ದಿವಸ ಮುಟ್ಟಿದವು.

ದೀಪಾವಳಿ ಮುಂಜಾನೆ ನಿರ್ವಾಣ ಲಾಡು ಏರಿಸಿದ ಮ್ಯಾಲೆ ಗುರುಗಳ ಮುಂದ ಹೊಸ ನೇಮ ತಗೊಂಡೇನಿ. ಅಕ್ರೋಡ, ಜರ್ದಾಳು, ಮಣೂಕ, ಕೇಶರ. ಹಾಲಿನ್ಯಾಗೂ ಕೇಶರ ನಡಿಯಂಗಿಲ್ಲ. ತಂದದ್ದನ್ನ ಮನ್ಯಾಗ ಉಪಯೋಗ ಮಾಡ್ರಿ.

ಇಲ್ಲಿ ಥಂಡಿ ಸುರು ಆಗೈತಿ. ಸಂಘ ಇನ್ನ ಹದಿನೈದು ದಿವಸದಾಗ ಕಾಗವಾಡ ಕಡೆ ವಿಹಾರ ಮಾಡತೈತಿ. ಮುಂದಿನ ಪತ್ರ ಅಲ್ಲಿಯ ಬಸದಿಗೆ ಬರಿ.

ಜಿನಮತಿ

*

ನಿಪ್ಪಾಣಿ
೧೧ ನವೆಂಬರ್ ೨೦೨೪

ಜಿನಮತಿ ಅಕ್ಕಾಗ,

ಥಂಡಿ ಸುರು ಆಗೈತಿ ಅಂತ ಬರದಿ. ನಿಪ್ಪಾಣ್ಯಾಗೂ ಆಗೈತಿ. ನಾ ಕರಳು ಕಿತ್ತು ಕಾಗದದಾಗ ಇಟ್ಟು ಕಳಿಸಿದ್ರ ನೀ ಹವಾಮಾನ ತಿಳಿಸಿದಿ.

ನಂಗ ಒಂದು ಹೇಳು. ನಾ ಏನ ತಗೋತೇನೋ ಅದನ್ನ ನೋಡಿ ನೋಡಿ ಬಿಡ್ತೀಯೇನು? ಬದಾಮ ತರ್ತೇನಂದ್ರ ಬದಾಮ ಬಿಟ್ಟಿ. ಅಕ್ರೋಡ ತಂದ್ರ ಅಕ್ರೋಡ ಬಿಟ್ಟಿ. ನನ್ನ ಪತ್ರ ಎದುರಿಗೆ ಇಟ್ಟುಕೊಂಡು, ಒಂದೂ ತಪ್ಪದಂಗ, ಯಾದಿ ಮಾಡಿ ಗುರುಗಳ ಮುಂದ ಓದಿದಂಗ ಐತಿ. ತ್ಯಾಗ ಅಂದ್ರ ಇದ? ನನ್ನ ಕೈ ಹತ್ತಿದ್ದನ್ನೆಲ್ಲಾ ಬಿಡೂದು?

ಇನ್ನೂ ಕೇಳು. ಕೇಶರದಾಗ ಅರ್ಧ ಕಬ್ಬೂರಿಗೆ ಕಳಿಸಿದ್ನಿ, ಅಭಿಷೇಕಕ್ಕಾದ್ರೂ ಆಗ್ಲಿ ಅಂತ. ಕಾಕಾ ತಿರಗಿ ಕಳಿಸ್ಯಾರ. ಬಿಚ್ಚಿ ನೋಡಿಲ್ಲ, ನಾ ಕಟ್ಟಿದ ಗಂಟ ಹಂಗ ಐತಿ. "ಅಕಿ ತಂದದ್ದರಾಗ ಏನಿರತೈತಿ ದೇವರಿಗೆ ಗೊತ್ತು" ಅಂದ್ರಂತ. ಆ ಶ್ರೀನಗರದ ಮನಶ್ಯಾ ನಂಬಿ ಕೊಟ್ಟಿದ್ದನ್ನ ನಮ್ಮ ಸ್ವಂತ ಕಾಕಾ ನಂಬಲಿಲ್ಲ.

ಇದು ನನ್ನ ತಪ್ಪಿಂದ ಆದದ್ದು, ಒಪ್ಪಿದ್ನಿ. ಬರದು ಒಪ್ಪಿದ್ನಿ. ನಿಂಗ ಮಾಡೂದು ಇಷ್ಟ ಐತಿ: ಕಾಕಾಗ ಒಂದ ಮಾತು ಹೇಳು, "ತಂಗಿ ಕ್ಷಮಾ ಕೇಳ್ಯಾಳ, ನಾ ಕೊಟ್ಟೇನಿ" ಅಂತ. ಪರ್ವ ಮುಗಿದ ದಿವಸ ಊರ ಮಂದಿಗೆಲ್ಲಾ ಕೈ ಮುಗದು ಕ್ಷಮಾ ಅಂತೇವಿ, ಹಾಲಿನಾಕಿ ಕಾಳವ್ವಗೂ ಅಂತೇನಿ. ನಂಗ ಅನ್ನಾಕ ನಿನ್ನ ಬಾಯಿ ಯಾಕ ಬರವಲ್ತು?

ತೃಪ್ತಿ

*

ಕಾಗವಾಡ
೯ ಜನವರಿ ೨೦೨೫

ಸೌ. ತೃಪ್ತಿ,

ಜನವರಿ ೨೬ಕ್ಕ ಕಬ್ಬೂರಾಗ ಕಾಕಾನ ಮನ್ಯಾಗ ಉಡಿ ತುಂಬೂ ಕಾರ್ಯಕ್ರಮ ಇಟ್ಟಾರ. ನೀ, ಸುಜಯ ಅವರು ಬರ್ರಿ.

ನೀ ನವೆಂಬರದಾಗ ಕೇಳಿದ್ದಕ್ಕ ಉತ್ತರ ಬರಿಯಾಕ ನಾಕ ಸಲ ಕುಂತ್ನಿ. ಬರಿಯೂದು ಆಗಲಿಲ್ಲ. ಕೇಳಬ್ಯಾಡ.

ಜಿನಮತಿ

*

ನಿಪ್ಪಾಣಿ
೨೮ ಜನವರಿ ೨೦೨೫

ಅಕ್ಕಾ,

ಬಂದಿದ್ನಿ. ನೋಡಿದಿ. ನೋಡಿದ್ರೂ ನೋಡದಂಗ ಮಾಡಿದಿ.

ಹಸರ ಪೀತಾಂಬ್ರ, ಕೈ ತುಂಬ ಬಳಿ, ಮದಮಗಳಂಗ ಕುಂದರಿಸಿದ್ರು ನಿನ್ನ. ಸಾಲು ಹಚ್ಚಿ ಹೆಣ್ಮಕ್ಕಳು ಉಡಿ ತುಂಬಿದ್ರು. ನಾ ನನ್ನ ಚೀಲ ತಗೊಂಡು ಸಾಲಿನಾಗ ನಿಂತಿದ್ನಿ, ಅಕ್ರೋಡ ಜರ್ದಾಳು ಎಲ್ಲಾ ಇತ್ತು. ನೀ ತಿನ್ನಬ್ಯಾಡ, ಉಡಿಗೆ ಬಿದ್ದದ್ದು ಮಂದಿಗೆ ಹಂಚತಾರ, ಹಂಚಲಿ ಅಂತ ತಂದಿದ್ನಿ. ನನ್ನ ಪಾಳಿ ಬರೂದರಾಗ ಕಾಕಾ ಎದ್ದು ಬಂದ್ರು. ಚೀಲ ಇಸಗೊಂಡು ಜಗಲಿ ಮ್ಯಾಲೆ ಇಟ್ರು. ತಮ್ಮ ತಾಟಿನ್ಯಾಗಿಂದು ಒಂದು ತೆಂಗಿನಕಾಯಿ, ಐದು ಹಿಡಿ ಅಕ್ಕಿ ಕೊಟ್ಟು "ಇದನ್ನ ಹಾಕವಾ" ಅಂದ್ರು. ಮೆತ್ತಗ ಅಂದ್ರು, ಬೈದಿದ್ರ ಬೇಸಿತ್ತು.

ನೀ ನನ್ನಿಂದ ಒಂದ ಮೊಳ ದೂರ ಇದ್ದಿ. "ಕಾಕಾ, ಇರ್ಲಿ ಬಿಡ್ರಿ" ಅಂದಿದ್ರ ಸಾಕಾಗಿತ್ತು. ಮೂರ ಶಬ್ದ. ನೀ ನಿನ್ನ ಬಳಿ ಎಣಿಸ್ಕೋತ ಕುಂತಿದ್ದಿ.

ಗಾಡ್ಯಾಗ ಇವರು "ನೀ ಮಾಡಿದ್ದಕ್ಕ ಇಷ್ಟರ ಆಗಬೇಕಲ್ಲ" ಅಂದ್ರು. ಎಲ್ಲಾರೂ ನ್ಯಾಯವಂತರ, ನಾ ಒಬ್ಬಾಕಿ ಕೆಟ್ಟಾಕಿ.

ದೀಕ್ಷಾಕ್ಕ ಬರಂಗಿಲ್ಲ. ನಿನ್ನ ಕೂದಲ ಕೀಳೂದನ್ನ ನಾ ನೋಡಲಾರೆ.

ತೃಪ್ತಿ

*

ಕಾಗವಾಡ
೮ ಫೆಬ್ರುವರಿ ೨೦೨೫

ತೃಪ್ತೀ,

ನಾಳೆ ದೀಕ್ಷಾ. ಇದು ನಿಮ್ಮಕ್ಕನಾಗಿ ಬರಿಯೂ ಕಡೀ ಪತ್ರ, ಆಮ್ಯಾಲೆ ನನ್ನ ಹೆಸರೂ ಬ್ಯಾರೆ. ನಾಳಿಂದ ನಿನ್ನ ಪತ್ರ ಬಂದ್ರ ಸಂಘದ ಕೆಲಸ ನೋಡೂ ಸನ್ಮತಿ ದೀದಿ ಒಡೀತಾಳ, ಎಲ್ಲಾರ ಮುಂದ ಓದಿ ಹೇಳ್ತಾಳ, ಸಂಘದ ಪದ್ಧತಿ ಹಂಗ ಐತಿ. ಅದಕ್ಕ ಹೇಳೂದೆಲ್ಲಾ ಇವತ್ತ ಹೇಳಬೇಕು.

ನಾಳೆ ಕೇಶಲೋಚಕ್ಕಿಂತ ಮೊದಲ ನಾ ಮೈಕಿನ ಮುಂದ ನಿಂತು ಬಂಧು ಬಳಗ, ಸಕಲ ಜೀವರಾಶಿ, ಎಲ್ಲಾರಿಗೂ ಕ್ಷಮಾ ಬೇಡ್ತೇನಿ. ನಿನ್ನ ಹೆಸರ ತಗೊಂಡು ಬೇಡೂ ಧೈರ್ಯ ನಂಗಿಲ್ಲ. ಬೇಡಿದ್ರ ಯಾಕಂತ ಕೇಳ್ತಾರ.

ಆ ಕೆಂಪು ಗುರುತು ನೀ ನೋಡೂಕಿಂತ ಮೊದಲ ನಾ ನೋಡಿದ್ನಿ.

ನೀ ಆ ಹುಡುಗಿ ಕೂಡ ಮಾತಾಡಾಕತ್ತಿದ್ದಿ, ನಾ ತಾಟಿನ ಈ ಮಗ್ಗಲದಾಗ ನಿಂತಿದ್ನಿ. ಗುರುತು ಕಂಡಿತು. ಹೆಪ್ಪಿನ ಮಾತು ಕಿವಿಗೆ ಬಿತ್ತು. ಕಬ್ಬೂರ ಬಿಟ್ಟು ಅಷ್ಟು ದೂರ ಹೋದದ್ದು ನಲವತ್ತ ವರ್ಷದಾಗ ಅದ ಮೊದಲಾಗಿತ್ತು ನಂಗ. ಆ ಅಂಗಡ್ಯಾಗ ಗೋಡಿ ತುಂಬ ಬಾಟ್ಲಿ, ಡಬ್ಬಿ, ಎಣ್ಣ್ಯಾಗ ಇಟ್ಟ ಕಾಯಿ, ಹೆಸರು ಗೊತ್ತಿಲ್ಲದ ವಾಸನಿ. ಜಗತ್ತಿನ್ಯಾಗ ಇಷ್ಟು ರುಚಿ ಅದಾವ, ನಾ ಒಂದು ಅಡಗಿಮನ್ಯಾಗ ಬ್ಯಾಳಿ ಕುದಿಸ್ಕೋತ ಮುದಕಿ ಆಗಾಕತ್ತೇನಿ ಅನಿಸಿ ಹೊಟ್ಟಿ ಉರೀತು. ನೀ ಸಣ್ಣಾಕಿದ್ದಾಗಿಂದ ನಿನ್ನ ಬಲ್ಲೆ. ನನ್ನ ಆಟ ಆಡಸಾಕ ಕೊಡ್ತಿ ಅಂತ ಗೊತ್ತಿತ್ತು. ಕೊಡ್ಲಿ ಅಂತ ಕಾಯ್ದ್ನಿ. ಕೊಟ್ಟಿ. ತಿಂದ್ನಿ.

ರುಚಿ ಇತ್ತು ತೃಪ್ತೀ. ಉಪ್ಪುಪ್ಪು, ಹರಳ ಹರಳ, ಕಡೀಕ ಒಂದು ಸಿಹಿ. "ಇನ್ನೊಂದು ಕೊಡು" ಅಂದ್ನಿ. ನೆನಪೈತೇನ ನಿಂಗ? ಮೊದಲನೇ ತುಣುಕಾದ್ರ ನೀ ಕೊಟ್ಟಿ ಅನ್ನಬಹುದು. ಎರಡನೇದು ನಾ ಬಾಯಿ ಬಿಟ್ಟು ಕೇಳೇನಿ.

ಗಾಡ್ಯಾಗ ನೀ ಹೇಳಿದಾಗ ಸುಜಯ ಅವರು ತಿರಗಿ ನನ್ನ ಮುಖ ನೋಡಿದ್ರು. ಏನ ಮಾಡ್ಲಿ? ಬೆರಳ ಹಾಕ್ಕೊಂಡು ವಾಂತಿ ಮಾಡಿದ್ನಿ. ಕಬ್ಬೂರಿಗೆ ಬಂದು ಕಾಕಾನ ಮುಂದ ಅತ್ನಿ, ಗುರುಗಳ ಮುಂದ ಅತ್ನಿ, "ತಂಗಿ ಗೊತ್ತಿಲ್ಲದ ತಿನಿಸಿದ್ಲು" ಅಂದ್ನಿ. ಅವರು ಅಜ್ಞಾನದಾಗ ಆದದ್ದಕ್ಕ ಎಷ್ಟೋ ಅಷ್ಟು ಪ್ರಾಯಶ್ಚಿತ್ತ ಕೊಟ್ರು. ಊರ ಮಂದಿ ನನ್ನ ಪಾಪ ಪಾಪ ಅಂದ್ರು, ನಿನ್ನ ಹೊಸ್ತಿಲಾಚೆ ಇಟ್ರು. ನಾ ಒಂದೊಂದ ಬಿಡಕೋತ ಬಂದ್ನಿ. ಎಷ್ಟು ಬಿಟ್ರೂ ಆ ರುಚಿ ನಾಲಗಿ ಬಿಡವಲ್ತು. ನೀ ಅಂಗಡಿ ಅಂಗಡಿ ತಿರಗಿ ರುಚಿ ನೋಡಿದ್ದನ್ನ ಬರದಾಗ ಓದಿ ಬಾಯಾಗ ನೀರು ಬಂತು. ಅದಕ್ಕ ಯಾದಿ ಮಾಡಿ ಬಿಟ್ನಿ. ನಿನ್ನ ಮ್ಯಾಲಿನ ಸಿಟ್ಟಿಗಲ್ಲ.

ಈಗ ಗುರುಗಳ ಮುಂದ ಹೇಳಿದ್ರ ದೀಕ್ಷಾ ನಿಲ್ಲತೈತಿ. ನಾ ಮತ್ತ ಯಾವ ಮನೀಗೆ ಹೋಗ್ಲಿ? ನಂಗ ಬ್ಯಾರೆ ಜಾಗಾ ಇಲ್ಲ.

ನೀ ಕ್ಷಮಾ ಮಾಡಿದ್ರ ಒಂದ ಕೆಲಸ ಮಾಡು. ಮಾರ್ಚ ಕಡೀಕ ಸಂಘ ನಿಪ್ಪಾಣಿಗೆ ಬರತೈತಿ. ನಿಮ್ಮನ್ಯಾಗ ಚೌಕಾ ಹಚ್ಚು, ಬಾಗಲಾ ನಿಲ್ಲು. ನಾ ನಿನ್ನ ಮುಂದ ಬಂದು ನಿಲ್ತೇನಿ. ನೀ ಬೇಡಿದ್ದು ಅದ ಒಂದು, ಕೊಡ್ತೇನಿ.

ಈ ಪತ್ರ ಓದಿ ಒಲ್ಯಾಗ ಹಾಕು.

ನಿಮ್ಮಕ್ಕ

*

ನಿಪ್ಪಾಣಿ
೨ ಏಪ್ರಿಲ್ ೨೦೨೫

ಪೂಜ್ಯ ಆರ್ಯಿಕಾ ಶ್ರೀ ಸುಸತ್ಯಮತಿ ಮಾತಾಜಿಯವರ ಚರಣಗಳಿಗೆ ನಿಪ್ಪಾಣಿಯ ಶ್ರಾವಿಕಾ ತೃಪ್ತಿ ಮಾಡುವ ವಂದಾಮಿ.

ಸನ್ಮತಿ ದೀದಿ, ಈ ಪತ್ರ ನೀವು ಓದ್ತೀರಿ ಅಂತ ಗೊತ್ತೈತ್ರಿ. ನಿಧಾನಕ ಓದ್ರಿ. ನನ್ನ ಅಕ್ಷರ ಚಂದಿಲ್ಲ.

ಮಾತಾಜಿ, ಮೊನ್ನೆ ಭಾನುವಾರ ನೀವು ನಮ್ಮ ಓಣಿಗೆ ಬಂದ್ರಿ. ಆ ದಿವಸದ ವಿಷಯ ಊರಾಗ ಹತ್ತ ಥರ ಮಾತಾಡಾಕತ್ತಾರ. ನನ್ನ ಬಾಯಿಂದ ಕೇಳ್ರಿ.

ನಸಿಕಿನ್ಯಾಗ ಬಾವಿ ನೀರು ಸೇದಿ, ಸೋಸಿ, ಕಾಸಿ ಇಟ್ಟಿದ್ನಿ. ಮನ್ಯಾಗ ಬೀಸಿದ ಹಿಟ್ಟು, ತೊಗರಿ ಕಟ್ಟು, ಹೀರಿಕಾಯಿ ಪಲ್ಯ, ಹಾಲು. ಕಾಶ್ಮೀರದ್ದು ಒಂದ ಕಡ್ಡಿ ಒಳಗ ಬರಗೊಡಲಿಲ್ಲ. ಕಾಕಾಸಾಹೇಬ ಕಾಕಾ ಕಬ್ಬೂರಿಂದ ಬಂದು ಎದುರಿನ ಕಟ್ಟಿ ಮ್ಯಾಲೆ ಕುಂತಿದ್ರು. ನೀವು ನನ್ನ ಮನ್ಯಾಗ ಆಹಾರ ತಗೊಂಡ್ರ ಅವರು ಎರಡ ವರ್ಷದ ಮ್ಯಾಲ ನನ್ನ ಕೈ ನೀರು ಕುಡಿಯಾವರಿದ್ರು. ಹಂಗಂತ ಇವರ ಮುಂದ ಹೇಳಿದ್ರಂತ.

ನೀವು ಬಲಗೈ ಹೆಗಲ ಮ್ಯಾಲೆ ಇಟ್ಟುಕೊಂಡು ಬಂದ್ರಿ. ಮೊದಲನೇ ಮನಿ ದಾಟಿದ್ರಿ, ಎರಡನೇದು ದಾಟಿದ್ರಿ, ನನ್ನ ಮುಂದ ನಿಂತ್ರಿ. ಓಣಿ ತುಂಬ ಮಂದಿ ಜೈಕಾರ ಹಾಕಿದ್ರು. ಬೋಳ ತಲಿ, ಬಿಳೀ ಸೀರಿ, ಬಾಳ ಬಡಕಾಗೀರಿ. ನಾವು ಕಳಶ ಹಿಡಕೊಂಡು ಮೂರ ಸುತ್ತು ಬಂದ್ವಿ.

ಆಮ್ಯಾಲೆ ಆಹಾರ ಕೊಡಾಕಿ ಬಾಯಿ ಬಿಟ್ಟು ಹೇಳಬೇಕಾದ ಮಾತು ಅದಾವ. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ ಐತಿ, ಒಳಗ ಬರ್ರಿ. ಇದರಾಗ ಒಂದು ಬಿಟ್ರೂ ತ್ಯಾಗಿಗಳು ಹೊಸ್ತಿಲ ದಾಟಂಗಿಲ್ಲ. ಸಣ್ಣ ಹುಡುಗ್ಯಾರಿಗೂ ಬಾಯಿಪಾಠ ಇರತಾವ ಇವು.

ನಾ ವಚನಶುದ್ಧಿ ಅಂದ್ನಿ. ಕಾಯಶುದ್ಧಿ ಅಂದ್ನಿ. ಆಹಾರ ಜಲ ಶುದ್ಧ ಅಂದ್ನಿ. ಮನಶುದ್ಧಿ ಅನ್ನಲಿಲ್ಲ.

ಇವರು ಮಗ್ಗಲದಾಗ ನಿಂತು "ಅನ್ನು, ಅನ್ನು" ಅಂದ್ರು. ಮಂದಿ ಈಗ ಅಂತಾರ, ಪಾಪ, ಗಾಬರಿ ಆಗಿ ಮರತ್ಲು ಅಂತ. ಮರತಿಲ್ಲರಿ ಮಾತಾಜಿ. ನಾಲಗಿ ತುದ್ಯಾಗ ಇತ್ತು. ಬೇಕಂತ ಬಿಟ್ನಿ. ನೀವು ಕಾಯ್ದ್ರಿ. ನಾ ನಿಮ್ಮ ಕಣ್ಣಾಗ ಕಣ್ಣಿಟ್ಟು ನೋಡಿದ್ನಿ, ನೀವೂ ನೋಡಿದ್ರಿ. ಆಮ್ಯಾಲೆ ಹೆಗಲ ಮ್ಯಾಲಿನ ಕೈ ಇಳಿಸಿ ಬಸದಿ ಕಡೆ ಹೊಳ್ಳಿದ್ರಿ. ಕೈ ಇಳಿಸಿದ್ರ ಮತ್ತೊಂದು ಬಾಗಲಾ ನೋಡಂಗಿಲ್ಲ, ಆವತ್ತು ಉಪವಾಸ. ಮರುದಿವಸ ಹೊತ್ತೇರೂ ತನಕ ನೀರೂ ಇಲ್ಲ. ಹಂತಾ ಬ್ಯಾಸಗ್ಯಾಗ.

ಕಾಕಾ ಕಟ್ಟಿ ಇಳಿದು ಹೋದ್ರು. ಇನ್ನ ಸಾಯೂ ಮಟಾ ಬರಂಗಿಲ್ಲ. ಸಂಘದ ಮಾತಾಜಿಯನ್ನ ಉಪವಾಸ ಕೆಡವಿದಾಕಿ ಅಂತ ಬಸದ್ಯಾಗ ಹೆಣ್ಮಕ್ಕಳು ನನ್ನ ಮಗ್ಗಲ ಕುಂದರೂದು ಬಿಟ್ಟಾರ. ಇವರು ನಾಕ ದಿವಸಾತು ಮಾತಾಡಿಲ್ಲ. ಒಂದ ಶಬ್ದ ಅಂದಿದ್ರ ಎಲ್ಲಾ ನೆಟ್ಟಗಾಗತಿತ್ತು, ನಂಗೂ ಗೊತ್ತೈತ್ರಿ. ಆದ್ರ ಅಂದಿದ್ರ ಊರ ಮಂದಿ ಏನ ಅಂತಿದ್ರು? ಮಾತಾಜಿ ದೊಡ್ಡ ಮನಸ್ಸು ಮಾಡಿ ಪಾಪಿ ತಂಗೀನ್ನ ಉದ್ಧಾರ ಮಾಡಿದ್ರು ಅಂತಿದ್ರು. ಅದನ್ನ ಕೇಳ್ಕೋತ ನಿಮ್ಮ ಅಂಗೈಯಾಗ ತುತ್ತು ಹಾಕೂದು ನನ್ನಿಂದ ಆಗಲಿಲ್ಲ. ನಂಗ ಬೇಕಾಗಿದ್ದು ನಮ್ಮಕ್ಕನ ಒಂದ ಮಾತು, ಕಬ್ಬೂರಾಗ, ನಾಕ ಮಂದಿ ಮುಂದ.

ಇನ್ನೊಂದು ವಿಷಯ. ದೀಕ್ಷಾದ ಹಿಂದಿನ ದಿವಸ ತಾವು ಬರದ ಪತ್ರ ನಂಗ ಮುಟ್ಟೈತಿ. ಓದಿ ಒಲ್ಯಾಗ ಹಾಕು ಅಂತ ಬರದಿದ್ರಿ. ನಮ್ಮನ್ಯಾಗ ಗ್ಯಾಸ್ ಐತಿ, ಒಲಿ ಇಲ್ಲ. ಗೋದ್ರೆಜ ಕಪಾಟಿನ್ಯಾಗ ಸೀರಿ ಬುಡಕ ಇಟ್ಟೇನಿ. ಅಷ್ಟು ಚಂದ ಉಪದೇಶ ಬರದೀರಿ, ಮನೀ ಮಂದಿಗೆ, ಕಾಕಾಗ ಒಂದ ಸಲ ಓದಿ ಹೇಳಬೇಕು ಅಂತೇನಿ. ಇವತ್ತಿನ ತನಕ ಓದಿಲ್ಲ. ನಾಳೀದು ನಾ ಹೇಳಲಾರೆ.

ಸನ್ಮತಿ ದೀದಿ, ಇಲ್ಲಿಗೆ ಮುಗೀತ್ರಿ. ನಿಮ್ಮದೊಂದು ಉಪಕಾರ ಆಗಬೇಕು. ಇದನ್ನ ಓದಿದ ಮ್ಯಾಲೆ ಮಾತಾಜಿಯವರ ಮುಖ ಹ್ಯಾಂಗಾತು, ಒಂದ ಸಾಲು ಬರದು ತಿಳಸ್ರಿ.

ತೃಪ್ತಿ ಸುಜಯ